ಗಾಜಿನ ಆಚೆಯಿಂದ ತಮ್ಮನ ಕಾಗದ

ಮೊದಲ ಸುಳಿವು ಕೊಟ್ಟದ್ದು ಒಂದು ಜಿಗಣೆ. ಆ ವರ್ಷ ಜೂನ್ ತಿಂಗಳಲ್ಲಿ ಬಾಳೂರಿನ ನಮ್ಮ ತೋಟದಲ್ಲಿ ಮರಗಸಿ ನಡೆಯುತ್ತಿತ್ತು. ಕಾಫಿ ಗಿಡಗಳಿಗೆ ಬೆಳಕು ಬೀಳಲೆಂದು ನೆರಳು ಮರಗಳ ಕೊಂಬೆ ಸವರುವ ಕೆಲಸ ಅದು. ಆಳುಗಳ ಜೊತೆ ನಿಂತಿದ್ದಾಗ ಕಾಲಿಗೆ ಜಿಗಣೆ ಕಚ್ಚಿತು. ನಮ್ಮಲ್ಲಿ ಅದೊಂದು ಸುದ್ದಿಯೇ ಅಲ್ಲ. ಕಿತ್ತು ಎಸೆದು ಸುಣ್ಣ ಹಚ್ಚಿದೆ, ಮರೆತೆ. ಸಂಜೆ ಸ್ನಾನಕ್ಕೆ ಹೋದಾಗ ನೋಡಿದರೆ ಅಲ್ಲಿಂದ ಇನ್ನೂ ರಕ್ತ ಜಿನುಗುತ್ತಿತ್ತು.

"ಇಂಬ್ಳ ಕಚ್ಚಿದ್ದಕ್ಕೆ ಯಾರಾದ್ರೂ ಡಾಕ್ಟ್ರ ಹತ್ರ ಹೋಗ್ತಾರಾ?" ಎಂದು ನಾನು ನಕ್ಕೆ. ಹೆಂಡತಿ ಸವಿತ ನಗಲಿಲ್ಲ. "ನೀವು ಹಲ್ಲುಜ್ಜುವಾಗ್ಲೂ ರಕ್ತ ಬರ್ತಿದೆ. ದಿಬ್ಬ ಹತ್ತುವಾಗ ನಿಂತು ನಿಂತು ಹತ್ತುತೀರ. ನಾನೇನು ಕುರುಡಿ ಅಲ್ಲ," ಎಂದಳು.

ಅವಳು ಹೇಳಿದ್ದು ನಿಜ. ತೋಟದ ಮೇಲಿನ ಪಟ್ಟೆಗೆ ಹತ್ತುವುದರೊಳಗೆ ಎದೆ ಡವಗುಟ್ಟುತ್ತಿತ್ತು. ಕೈ ಮೇಲೆ, ತೊಡೆಯ ಮೇಲೆ ಎಲ್ಲೂ ಪೆಟ್ಟಾಗದಿದ್ದರೂ ನೀಲಿ ಕಲೆಗಳು. ಮೂವತ್ಮೂರು ವರ್ಷದ ಗಂಡಸು, ದಿನವಿಡೀ ಗುಡ್ಡ ಹತ್ತಿ ಇಳಿಯುವವನು, ಇದನ್ನೆಲ್ಲ ಸುಸ್ತು ಎಂದುಕೊಂಡು ಸುಮ್ಮನಿದ್ದೆ.

ಮೂಡಿಗೆರೆಯ ಡಾಕ್ಟರು ರಕ್ತ ಪರೀಕ್ಷೆಯ ಚೀಟಿ ನೋಡಿ ಲ್ಯಾಬಿನವರಿಗೆ ಇನ್ನೊಮ್ಮೆ ಮಾಡಲು ಹೇಳಿದರು. ಎರಡನೆಯದನ್ನು ನೋಡಿ ಚಿಕ್ಕಮಗಳೂರಿಗೆ ಕಳಿಸಿದರು. ಅಲ್ಲಿಯವರು ಅಂದೇ ಮೂರು ಬಾಟಲಿ ರಕ್ತ ಏರಿಸಿ ಮಂಗಳೂರಿಗೆ ಹೋಗಿ ಎಂದರು. ಚಾರ್ಮಾಡಿ ಘಾಟಿ ಇಳಿಯುವಾಗ ಸವಿತ ನನ್ನ ಕೈ ಹಿಡಿದುಕೊಂಡೇ ಇದ್ದಳು. ಪ್ರತಿ ತಿರುವಿಗೂ ಅವಳ ಹಿಡಿತ ಬಿಗಿಯಾಗುತ್ತಿತ್ತು.

ಮಂಗಳೂರಿನ ಆ ದೊಡ್ಡ ಆಸ್ಪತ್ರೆಯಲ್ಲಿ ಸೊಂಟದ ಮೂಳೆಗೆ ಸೂಜಿ ಚುಚ್ಚಿ ಒಳಗಿನ ಮಜ್ಜೆ ತೆಗೆದರು. ಫಲಿತಾಂಶ ಹೇಳಿದ ಡಾಕ್ಟರಮ್ಮ ನನಗಿಂತ ಚಿಕ್ಕವರಿದ್ದರು. ಕಾಯಿಲೆಯ ಹೆಸರು ಎಪ್ಲಾಸ್ಟಿಕ್ ಅನೀಮಿಯಾ ಎಂದರು. "ಕ್ಯಾನ್ಸರ್ ಅಲ್ಲ," ಎಂದಾಗ ಸವಿತ ದೊಡ್ಡದಾಗಿ ಉಸಿರುಬಿಟ್ಟಳು. ಡಾಕ್ಟರಮ್ಮ ತಕ್ಷಣ, "ಆದರೆ ಸಣ್ಣದೂ ಅಲ್ಲ," ಎಂದು ಸೇರಿಸಿದರು. ರಕ್ತ ತಯಾರು ಮಾಡುವ ಜಾಗವೇ ನನ್ನಲ್ಲಿ ಖಾಲಿಯಾಗಿತ್ತು. ಬೇರೆಯವರ ಮಜ್ಜೆಯನ್ನು ನನಗೆ ಹಾಕಬೇಕು. ಒಡಹುಟ್ಟಿದವರದು ಹೊಂದಿದರೆ ಒಳ್ಳೆಯದು, ಹೊಂದಿಯೇ ಹೊಂದುತ್ತದೆ ಎಂದು ಹೇಳಲಾಗುವುದಿಲ್ಲ.

"ಒಡಹುಟ್ಟಿದವರು ಯಾರಿದ್ದಾರೆ?"

"ಒಬ್ಬ ತಮ್ಮ. ಸೈನ್ಯದಲ್ಲಿ ಲೆಫ್ಟಿನೆಂಟ್."

"ಎಲ್ಲಿ?"

ಎಲ್ಲಿ ಎಂದು ನಮಗೂ ಸರಿಯಾಗಿ ಗೊತ್ತಿರಲಿಲ್ಲ. ಉತ್ತರದಲ್ಲಿ, ಹಿಮದಲ್ಲಿ, ಎತ್ತರದಲ್ಲಿ ಎಂದಷ್ಟೇ.

ಚೇತನ್ ನನಗಿಂತ ಒಂಬತ್ತು ವರ್ಷ ಚಿಕ್ಕವನು. ಅಪ್ಪ ತೀರಿಕೊಂಡಾಗ ಇನ್ನೂ ಪ್ರೈಮರಿ ಶಾಲೆಯಲ್ಲಿದ್ದ. ಆಮೇಲೆ ಸೈನಿಕ ಶಾಲೆಗೆ ಸೇರಿ ಹಾಸ್ಟೆಲಿನಲ್ಲೇ ಬೆಳೆದ. ಹಾಗಾಗಿ ಅವನ ಕನ್ನಡದ ಅಕ್ಷರ ಚಿಕ್ಕ ಹುಡುಗನ ಅಕ್ಷರದ ಹಾಗೇ ಉಳಿದಿತ್ತು. ಒತ್ತಕ್ಷರಗಳು ಎಲ್ಲೆಲ್ಲೋ ಜೋತಾಡುತ್ತಿದ್ದವು. ಮಾತಾಡುವ ಹಾಗೆಯೇ ಬರೆಯುತ್ತಿದ್ದ. ಅವನಿದ್ದ ಠಾಣೆಯಲ್ಲಿ ಮೊಬೈಲು ಹಿಡಿಯುತ್ತಿರಲಿಲ್ಲ. ಸೈನ್ಯದ ಫೋನಿನಲ್ಲಿ ಸರತಿ ಬಂದಾಗ ಕೆಲವೇ ನಿಮಿಷ ಸಿಗುತ್ತಿತ್ತು, ಆ ನಿಮಿಷಗಳೆಲ್ಲ ಅವ್ವನ "ಉಂಡ್ಯಾ? ಚಳಿ ಉಂಟಾ?" ಎಂಬುದರಲ್ಲೇ ಮುಗಿಯುತ್ತಿದ್ದವು. ಅದಕ್ಕೆ ಅವನು ನನಗೆ ಕಾಗದ ಬರೆಯುತ್ತಿದ್ದ. ಹೆಲಿಕಾಪ್ಟರ್ ಬಂದಾಗ ಕೊಟ್ಟು ಕಳಿಸುತ್ತಿದ್ದ. ಈ ಕಾಲದಲ್ಲೂ ಕಾಗದ ಬರುವ ಮನೆ ನಮ್ಮದೊಂದೇ ಎಂದು ಅಂಚೆಯವರು ತಮಾಷೆ ಮಾಡುತ್ತಿದ್ದರು.

ಕಾಯಿಲೆಯ ವಿಷಯ ಫೋನಿನಲ್ಲಿ ಹೇಳಿದ್ದು ಸವಿತ. ನನಗೆ ಬಾಯಿ ಬರಲಿಲ್ಲ. ವಿಷಯ ಕೇಳಿ ಚೇತನ್ "ಆಯ್ತು ಅತ್ತಿಗೆ" ಎಂದು ಫೋನ್ ಇಟ್ಟನಂತೆ. ಅವನ ಉತ್ತರ ಬಂದದ್ದು ಎರಡು ವಾರ ಕಳೆದ ಮೇಲೆ, ಕಾಗದದಲ್ಲಿ.

"ಅಣ್ಣಾ, ಕೆಳಗಿನ ಆಸ್ಪತ್ರೆಗೆ ಇಳಿದು ರಕ್ತ ಕೊಟ್ಟು ಬಂದೆ. ಅವರು ಅದನ್ನ ಮಂಗಳೂರಿನವರು ಹೇಳಿದ ಲ್ಯಾಬಿಗೆ ಕಳಿಸ್ತಾರೆ. ನಮ್ ಸಾಹೇಬ್ರು ಒಂದೇ ಮಾತಿಗೆ ಒಪ್ಪಿದ್ರು. ಹೊಂದ್ಲಿಲ್ಲ ಅಂದ್ರೆ ಬೈಬೇಡ ಮಾರಾಯ, ಅದು ನನ್ ಕೈಯಲ್ಲಿಲ್ಲ. ಈ ಕಡೆ ಸಾಮಾನು ಹೊರೋ ಒಂದು ಹೇಸರಗತ್ತೆ ಉಂಟು. ಅದಕ್ಕೆ ನನ್ ಕಂಡ್ರೆ ಆಗಲ್ಲ, ಬೇರೆ ಎಲ್ಲರನ್ನೂ ಬಿಟ್ಟು ನಂಗೇ ಒದಿಯಕ್ ಬರುತ್ತೆ..."

ಉಳಿದದ್ದೆಲ್ಲ ಆ ಹೇಸರಗತ್ತೆಯ ವಿಷಯ. ನನ್ನ ಆರೋಗ್ಯ ಹೇಗಿದೆ ಎಂದು ಒಂದು ಸಾಲೂ ಇರಲಿಲ್ಲ. ಆ ದಿನಗಳಲ್ಲಿ ಕಂಡವರೆಲ್ಲ ನನ್ನ ಮುಖ ನೋಡುತ್ತಲೇ "ಹ್ಯಾಗಿದೀಯ?" ಎಂದು ಕಣ್ಣು ಒರೆಸಿಕೊಳ್ಳುತ್ತಾ ಕೇಳುತ್ತಿದ್ದರು. ಕೇಳಿದವರನ್ನು ಸಮಾಧಾನ ಮಾಡುವುದೇ ನನಗೊಂದು ಕೆಲಸವಾಗಿತ್ತು. ಆ ಕತ್ತೆಯ ಕತೆಯನ್ನು ಚಿಕ್ಕಮಗಳೂರಿನ ಆಸ್ಪತ್ರೆಯ ಬೆಂಚಿನ ಮೇಲೆ ರಕ್ತ ಏರಿಸಿಕೊಳ್ಳಲು ಕಾಯುತ್ತಾ ಮತ್ತೆ ಮತ್ತೆ ಓದಿದೆ.

ಕಾಯುವುದು ಎಂದರೆ ಏನೆಂದು ನಾನು ಕಲಿತದ್ದು ಆ ಬೆಂಚಿನಲ್ಲಿ. ನನ್ನ ಗುಂಪಿನ ರಕ್ತ ಇಲ್ಲ ಎಂದರೆ ಇನ್ನೂ ಕಾಯಬೇಕು. ಕೆಲವು ಸಲ ಬಾಳೂರಿನ ಹುಡುಗರು ಜೀಪು ಮಾಡಿಕೊಂಡು ಬಂದು ರಕ್ತ ಕೊಟ್ಟು ಹೋಗುತ್ತಿದ್ದರು. ಅವರಲ್ಲಿ ಕೆಲವರ ಹೆಸರೂ ನನಗೆ ಗೊತ್ತಿರಲಿಲ್ಲ. ಯಾರದೋ ರಕ್ತ ಮೈಗೆ ಇಳಿದ ಮರುದಿನ ಮೆಟ್ಟಿಲು ಹತ್ತುವುದು ಸುಲಭವಾಗುತ್ತಿತ್ತು. ವಾರ ಕಳೆಯುವುದರೊಳಗೆ ಮತ್ತೆ ಬೆಂಚು.

ಚೇತನನ ಮಜ್ಜೆ ಪೂರ್ತಿ ಹೊಂದುತ್ತದೆ ಎಂದು ಮಂಗಳೂರಿನಿಂದ ಫೋನು ಬಂದದ್ದು ಸೆಪ್ಟೆಂಬರಿನಲ್ಲಿ. ಸವಿತ ಅಡುಗೆಮನೆಗೆ ಓಡಿ ಅವ್ವನಿಗೆ ಹೇಳಿದಳು. ಅವ್ವ ಸಂತೋಷಪಡುತ್ತಾಳೆಂದು ಅಂದುಕೊಂಡಿದ್ದೆವು. ಅವಳು ಕೈಯಲ್ಲಿದ್ದ ಸೌಟು ಇಟ್ಟು ಅಲ್ಲೇ ಕೂತಳು.

"ಅವನ ಮೂಳೆಯಿಂದ ತೆಗೀತಾರಾ?"

"ಹೌದು ಅತ್ತೆ. ಸೊಂಟದಿಂದ. ಅವ್ರಿಗೆ ಮತ್ತೆ ತುಂಬ್ಕೊಳುತ್ತಂತೆ."

"ಅವನು ಆ ಚಳೀಲಿ ಬಂದೂಕು ಹಿಡ್ಕೊಂಡು ನಿಂತಿರೋನು. ಅವನ ಶಕ್ತಿ ತೆಗೆದ್ರೆ ಹ್ಯಾಗೆ? ಒಬ್ಬನ್ನ ಉಳಿಸೋಕೆ ಇನ್ನೊಬ್ಬನ್ನ ಮಲಗಿಸ್ತೀರಾ?"

ಸವಿತ ನನ್ನ ಕಡೆ ನೋಡಿದಳು. ನಾನು ಬಾಗಿಲಲ್ಲಿ ನಿಂತಿದ್ದೆ. ಅವ್ವ ನನ್ನನ್ನು ಕಂಡು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅವಳ ಮೇಲೆ ನನಗೆ ಸಿಟ್ಟು ಬರಲಿಲ್ಲ. ನಾನೇ ಅದನ್ನು ಯೋಚಿಸಿರಲಿಲ್ಲವೇ? ಹುಷಾರಿರುವ ಒಬ್ಬ ಹುಡುಗನನ್ನು ನನಗಾಗಿ ಆಪರೇಷನ್ ಮೇಜಿನ ಮೇಲೆ ಮಲಗಿಸುವುದು ನ್ಯಾಯವೇ ಎಂದು ನನ್ನನ್ನೇ ಕೇಳಿಕೊಂಡಿದ್ದೆ. ಡಾಕ್ಟರಮ್ಮ ಧೈರ್ಯ ಹೇಳಿದ್ದರು, ತಲೆ ಒಪ್ಪಿತ್ತು, ಮನಸ್ಸು ಒಪ್ಪಿರಲಿಲ್ಲ. ಇದನ್ನೆಲ್ಲ ಚೇತನನಿಗೆ ಬರೆದೆ. ಅವ್ವ ಹೇಳಿದ್ದನ್ನೂ ಬರೆದೆ.

ಅವನ ಕಾಗದ ಬಂತು. ಮೇಲೆ ದೊಡ್ಡದಾಗಿ, "ಇದನ್ನ ಅವ್ವಂಗೆ ಓದಿ ಹೇಳು" ಎಂದಿತ್ತು. ಅವ್ವನನ್ನು ಜಗಲಿಯಲ್ಲಿ ಕೂರಿಸಿ ಓದಿದೆ.

"ಅವ್ವಾ, ನನ್ ಕೈ ಕೆಳಗೆ ಇರೋರು ಎಲ್ಲಾ ನನಗಿಂತ ದೊಡ್ಡೋರು. ಮಕ್ಕಳಿರೋರು. ನಾನು ಅವ್ರಿಗೆ ದಿನಾ ಹೇಳೋದು ಒಂದೇ, ಪಕ್ಕದೋನು ಬಿದ್ರೆ ಬಿಟ್ಟು ಬರಬೇಡಿ ಅಂತ. ಸ್ವಂತ ಅಣ್ಣನ್ನ ಬಿಟ್ಟು ಇಲ್ಲಿ ಕೂತ್ರೆ ನಾಳೆ ಅವ್ರ ಮುಖ ಹ್ಯಾಗೆ ನೋಡ್ಲಿ? ಸೊಂಟ ನೋಯುತ್ತಂತೆ, ಅಷ್ಟೇ. ನೀನು ಎಣ್ಣೆ ಹಚ್ಚು. ಕೋಳಿಸಾರು ಮಾಡು. ನಾನು ರಜಾ ಹಾಕಿ ಆಯ್ತು."

ಅವ್ವ ಎದ್ದು ಹೋಗಿ ಕೋಳಿಗೂಡಿನ ಬಾಗಿಲು ತೆರೆದು ಅದರೊಳಗೆ ಬಹಳ ಹೊತ್ತು ನೋಡುತ್ತಾ ನಿಂತಳು.

ದಾರಿ ಹಿಮದಲ್ಲಿ ಮುಚ್ಚಿಹೋಗುವ ಮೊದಲು ಚೇತನ್ ಇಳಿದು ಬಂದ. ಮುಖ ಬಿಸಿಲಿಗೆ ಕರಕಲಾಗಿತ್ತು, ತುಟಿ ಒಡೆದಿತ್ತು. ನಾನು ಅಷ್ಟರಲ್ಲಿ ಬಿಳುಚಿಕೊಂಡು ಸೊರಗಿದ್ದೆ. ಮಂಗಳೂರಿನ ಆಸ್ಪತ್ರೆಯ ಬಾಗಿಲಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ಅಡಿಯಿಂದ ಮುಡಿಯವರೆಗೆ ನೋಡಿದೆವು. "ಏನಣ್ಣ, ಸುಣ್ಣ ಬಳ್ಕೊಂಡಿದೀಯಾ?" ಎಂದ. "ನೀನು ಕಾಫಿ ಹುರಿಯೋ ಬಾಣಲೆ ಥರ ಆಗಿದೀಯ," ಎಂದೆ. ಅಷ್ಟೇ. ಅಪ್ಪಿಕೊಳ್ಳುವುದು ನಮ್ಮ ಮನೆಯಲ್ಲಿ ರೂಢಿ ಇಲ್ಲ.

ಅವನ ಮಜ್ಜೆ ತೆಗೆಯುವ ಮೊದಲು ನನ್ನಲ್ಲಿ ಉಳಿದಿದ್ದ ಅಷ್ಟಿಷ್ಟನ್ನೂ ಔಷಧಿ ಹಾಕಿ ಅಳಿಸಿದರು. ಅದಕ್ಕಾಗಿ ನನ್ನನ್ನು ಗಾಜಿನ ಗೋಡೆಯ ಕೋಣೆಯೊಂದರಲ್ಲಿ ಇಟ್ಟರು. ಹೊರಗಿನ ಯಾವ ರೋಗಾಣುವೂ ಒಳಗೆ ಬರಬಾರದು. ಹೂವು, ಹಣ್ಣು, ಮನೆಯ ಊಟ, ಪುಸ್ತಕ, ಕಾಗದ ಯಾವುದೂ ಇಲ್ಲ. ಒಳಗೆ ಬರುವ ದಾದಿಯರ ಕಣ್ಣು ಮಾತ್ರ ಕಾಣುತ್ತಿತ್ತು. ಸವಿತ ಗಾಜಿನ ಆಚೆ ನಿಂತು ಗೋಡೆಯ ಫೋನಿನಲ್ಲಿ ಮಾತಾಡಬೇಕು. ಕೂದಲು ದಿಂಬಿನ ಮೇಲೆ ಉದುರಿದ್ದನ್ನು ಅವಳು ಮೊದಲು ಕಂಡಳು, ನಾನು ಆಮೇಲೆ.

ಅಷ್ಟೆಲ್ಲ ಹೆದರಿಕೊಂಡಿದ್ದ ಆ ದಿನ ಸಪ್ಪೆಯಾಗಿ ಕಳೆಯಿತು. ಬೆಳಗ್ಗೆ ಚೇತನನನ್ನು ಆಪರೇಷನ್ ಕೋಣೆಗೆ ಕರೆದುಕೊಂಡು ಹೋದರು. ಮಧ್ಯಾಹ್ನ ಒಂದು ಚೀಲ ಬಂತು. ಎಲ್ಲ ರಕ್ತದ ಚೀಲಗಳ ಹಾಗೆಯೇ ಇತ್ತು. ಕೊಳವೆಯಲ್ಲಿ ನಿಧಾನವಾಗಿ ಇಳಿಯಿತು. ನನಗೆ ನಿದ್ದೆ ಬಂತು. ಎಚ್ಚರವಾದಾಗ ಚೀಲ ಖಾಲಿಯಾಗಿತ್ತು. ಗಾಜಿನ ಆಚೆ ಚೇತನ್ ಗಾಲಿಕುರ್ಚಿಯಲ್ಲಿ ಕೂತು ಬಿಸ್ಕತ್ತು ತಿನ್ನುತ್ತಿದ್ದ. ಅವನ ಹಿಂದೆ ಅವ್ವ ಅವನ ಭುಜ ಹಿಡಿದುಕೊಂಡು ನಿಂತಿದ್ದಳು. ಫೋನೆತ್ತಿ, "ಮಗ, ಅವನು ಎದ್ದ," ಎಂದು ನನಗೆ ಹೇಳಿದಳು. ಅದೊಂದೇ ವಾಕ್ಯ.

ರಜೆ ಮುಗಿಯುತ್ತಲೇ ಚೇತನ್ ಹೋಗಬೇಕಾಯಿತು. ರಕ್ತ ಕಡಿಮೆಯಿದೆ ಎಂದು ಅವನನ್ನು ಕೆಲವು ವಾರ ಕೆಳಗಿನ ಬೇಸ್ ಕ್ಯಾಂಪಿನಲ್ಲೇ ಇಟ್ಟುಕೊಂಡರು. ಅಲ್ಲಿ ಮೊಬೈಲು ಹಿಡಿಯುತ್ತಿತ್ತು, ಅವನು ಕರೆ ಮಾಡಿದರೆ ಸವಿತ ತನ್ನ ಮೊಬೈಲನ್ನು ಗೋಡೆಯ ಫೋನಿಗೆ ಹಿಡಿಯುತ್ತಿದ್ದಳು, ಆದರೆ ನನಗೆ ಮಾತು ನಿಂತುಹೋಗಿತ್ತು. ಔಷಧಿಯ ಉರಿಗೆ ಬಾಯಿ, ಗಂಟಲೆಲ್ಲ ಹುಣ್ಣಾಗಿ ಎಂಜಲು ನುಂಗುವುದೂ ಕಷ್ಟವಾಗಿತ್ತು. ಜ್ವರ ಏರುತ್ತಿತ್ತು, ಇಳಿಯುತ್ತಿತ್ತು. ರಕ್ತದ ಲೆಕ್ಕ ಸೊನ್ನೆಯಲ್ಲೇ ನಿಂತಿತ್ತು. ಚೇತನ್ ಮತ್ತೆ ಕಾಗದಕ್ಕೆ ಕೂತ. ಆ ಕಾಗದಗಳು ಸವಿತ ಉಳಿದುಕೊಂಡಿದ್ದ ಆಸ್ಪತ್ರೆ ಹತ್ತಿರದ ರೂಮಿಗೆ ಬರುತ್ತಿದ್ದವು.

ಮೊದಲು ಅವಳು ಕಾಗದವನ್ನು ಗಾಜಿಗೆ ಒತ್ತಿ ಹಿಡಿದಳು. ಆ ಕೋಳಿಕಾಲು ಅಕ್ಷರ ನನಗೆ ಓದಲಾಗಲಿಲ್ಲ. ಆಮೇಲೆ ಫೋನಿನಲ್ಲಿ ಓದತೊಡಗಿದಳು. ಮದುವೆಯಾದ ದಿನದಿಂದ ನನ್ನನ್ನು "ರೀ, ನೀವು" ಎಂದು ಕರೆದವಳು, ಈಗ ನನ್ನ ತಮ್ಮನ ಮಾತನ್ನು ಬಾಯಿಗೆ ತಂದುಕೊಳ್ಳಬೇಕಿತ್ತು.

"ಅಣ್ಣಾ, ನೀನೊಂದು... ನೀನೊಂದು ಮಂಗ," ಎಂದು ಓದಿ ಸುತ್ತ ನೋಡಿದಳು. "ಉಗುಳು ನುಂಗಕ್ಕೆ ಆಗಲ್ಲ ಅಂತ ಅತ್ತಿಗೆ ಹೇಳಿದ್ರು. ನುಂಗು. ನನ್ ಮಜ್ಜೆ ಏನು ಪುಕ್ಕಟೆ ಬಂದಿದ್ದಾ? ಸೊಂಟ ಹಿಡ್ಕೊಂಡು ಮುದುಕನ ಥರ ನಡೀತಿದೀನಿ, ಜವಾನ್ರು ನಗ್ತಾರೆ." ಓದುತ್ತಾ ಅವಳಿಗೇ ನಗು ತಡೆಯಲಾಗಲಿಲ್ಲ. ನನಗೆ ನಗಲಾಗುತ್ತಿರಲಿಲ್ಲ, ತುಟಿ ಬಿರಿಯುತ್ತಿತ್ತು. ಕೈಯೆತ್ತಿ ಮತ್ತೆ ಓದು ಎಂದು ಸನ್ನೆ ಮಾಡಿದೆ. "ನೀನೊಂದು ಮಂಗ," ಎಂದಳು. ಈ ಸಲ ಧೈರ್ಯವಾಗಿ.

ಒಂದು ಕಾಗದವನ್ನು ಮಾತ್ರ ನಗದೆ ಓದಿದಳು. "ಅಣ್ಣಾ, ಫೋನ್ ಮಾಡಿದ್ರೆ ನಿನ್ ಉಸಿರು ಮಾತ್ರ ಕೇಳುತ್ತೆ. ಅದ್ ಕೇಳಿದ್ ಮೇಲೆ ನಂಗೆ ಊಟ ಸೇರಲ್ಲ. ಅದಕ್ಕೇ ಫೋನ್ ಮಾಡ್ತಿಲ್ಲ, ಬೇಜಾರ್ ಮಾಡ್ಕೋಬೇಡ. ಇಲ್ಲಿ ಎಲ್ಲರಿಗೂ ನಾನೇ ಧೈರ್ಯ ಹೇಳ್ಬೇಕು. ನನ್ ಮಜ್ಜೆ ನಿಂಗೆ ಹಿಡೀದೇ ಹೋದ್ರೆ ಅಂತ ಯಾರ ಹತ್ರ ಹೇಳ್ಲಿ? ನಿನ್ ಹತ್ರಾನೇ ಹೇಳ್ಬೇಕು. ಬರೀವಾಗ ನೀನು ಮುಂದೆ ಕೂತಂಗೆ ಇರುತ್ತೆ."

ಅಲ್ಲಿಯವರೆಗೆ ಅವನ ಕಾಗದಗಳು ನನಗಾಗಿ ಎಂದುಕೊಂಡಿದ್ದೆ. ಅವು ಅವನಿಗೂ ಬೇಕಾಗಿದ್ದವು. ಆ ಗಾಜಿನ ಕೋಣೆಯಲ್ಲಿ ಏನೂ ಮಾಡಲಾಗದೆ ಬಿದ್ದಿದ್ದವನಿಗೆ ಒಂದು ಕೆಲಸ ಸಿಕ್ಕಿತು. ಅವನು ಹೇಳಿದ್ದನ್ನು ಕೇಳಿಸಿಕೊಳ್ಳುವ ಕೆಲಸ. ಕಾಯಿಲೆ ಬಿದ್ದವರಿಂದ ನಾವೆಲ್ಲ ಎಲ್ಲ ಭಾರವನ್ನೂ ಕಿತ್ತುಕೊಳ್ಳುತ್ತೇವೆ, ಕೆಟ್ಟ ಸುದ್ದಿಯನ್ನು ಕೂಡ. ಅದು ಪ್ರೀತಿಯೇ. ಆದರೆ ಯಾರಿಗೂ ಬೇಡದವನಾಗಿ ಮಲಗಿರುವುದು ಹುಣ್ಣಿಗಿಂತ ನೋವು. ತಮ್ಮ ನನ್ನನ್ನು ಅಣ್ಣನಾಗಿಯೇ ಉಳಿಸಿದ್ದ.

ಪಕ್ಕದ ಕೋಣೆಯಲ್ಲಿ ಪುತ್ತೂರು ಕಡೆಯ ಒಬ್ಬ ಮೇಷ್ಟ್ರಿದ್ದರು. ಅವರಿಗೆ ಅವರ ಅಕ್ಕನ ಮಜ್ಜೆ ಹಾಕಿದ್ದರು. ಅವರ ಹೆಂಡತಿ ಜಯಂತಿಯವರು ಹೊರಗೆ ಸವಿತಳ ಜೊತೆ ಕೂರುತ್ತಿದ್ದರು. ಇಬ್ಬರೂ ಒಂದೇ ಡಬ್ಬಿಯಲ್ಲಿ ಊಟ ಮಾಡುತ್ತಿದ್ದರು. ಚೇತನನ ಕಾಗದ ಬಂದರೆ ಅವರೂ ಕೇಳುತ್ತಿದ್ದರು, ಹೇಸರಗತ್ತೆಯ ಸುದ್ದಿ ವಿಚಾರಿಸುತ್ತಿದ್ದರು. ಒಂದು ದಿನ ಸವಿತ ಬಂದಾಗ ಕಣ್ಣು ಊದಿತ್ತು. ಏನೆಂದು ಸನ್ನೆಯಲ್ಲಿ ಕೇಳಿದೆ. "ನಿದ್ದೆ ಇಲ್ಲ," ಎಂದಳು. ನಾನು ಪಕ್ಕದ ಗೋಡೆಯ ಕಡೆ ಬೆರಳು ತೋರಿಸಿದೆ. ಅವಳು ಫೋನು ಕೆಳಗಿಟ್ಟು ಹಣೆಯನ್ನು ಗಾಜಿಗೆ ಆನಿಸಿದಳು. ಮೇಷ್ಟ್ರು ಹೋಗಿದ್ದರು. ನನಗೆ ಕೊಟ್ಟ ಔಷಧಿಯನ್ನೇ ಅವರಿಗೂ ಕೊಟ್ಟಿದ್ದರು, ಅದೇ ದಾದಿಯರು ನೋಡಿಕೊಂಡಿದ್ದರು. ಅವರಿಗೆ ಹಾಗಾಯಿತು, ನನಗೆ ಹೀಗಾಯಿತು. ನಾನು ಗಟ್ಟಿ ಮನಸ್ಸಿನಿಂದ ಗೆದ್ದೆ ಎಂದು ಯಾರಾದರೂ ಹೊಗಳಿದರೆ ಮೇಷ್ಟ್ರ ನೆನಪಾಗಿ ನಾಚಿಕೆಯಾಗುತ್ತದೆ. ಅವರ ಮನಸ್ಸೂ ಗಟ್ಟಿಯೇ ಇತ್ತು.

ಅದಾಗಿ ಕೆಲವು ದಿನಗಳಿಗೆ, ಬೆಳಗ್ಗೆ ಬಂದ ದಾದಿ ಬಾಗಿಲಲ್ಲೇ ಹೇಳಿದಳು, "ಓ ಗೌಡ್ರೇ, ಕೌಂಟ್ ಬಂದಿದೆ ಮಾರಾಯ್ರೆ! ಸ್ವಲ್ಪವೇ. ಆದ್ರೆ ಬಂದಿದೆ." ಮುಖವಾಡದ ಮೇಲಿನ ಅವಳ ಕಣ್ಣುಗಳಲ್ಲಿ ನೀರಿತ್ತು. ಮರುದಿನ ಇನ್ನೂ ಸ್ವಲ್ಪ ಏರಿತು. ಹುಣ್ಣು ಒಣಗತೊಡಗಿತು. ನಾನು ಮೊದಲು ನುಂಗಿದ್ದು ಒಂದು ಚಮಚ ಗಂಜಿ.

ಮನೆಗೆ ಬಂದಾಗ ಕಾಫಿ ಕೊಯ್ಲು ಶುರುವಾಗಿತ್ತು. ನನಗೆ ತೋಟಕ್ಕೆ ಇಳಿಯುವ ಹಾಗಿರಲಿಲ್ಲ. ಕೊಳೆತ ಎಲೆ, ಧೂಳು, ಬೂಷ್ಟು ಎಲ್ಲವೂ ಅಪಾಯ. ಸವಿತ ಕೊಯ್ಲು ನಡೆಸಿದಳು. ನಾನು ಮುಖವಾಡ ಹಾಕಿಕೊಂಡು ಕಿಟಕಿಯಲ್ಲಿ ಕೂತಿರುತ್ತಿದ್ದೆ. ಮೈಮೇಲೆ ಕೆಂಪು ದದ್ದು ಎದ್ದಿತು, ಔಷಧಿಗೆ ಇಳಿಯಿತು. ತಿಂಗಳುಗಳು ಕಳೆದ ಮೇಲೆ ರಕ್ತದ ಗುಂಪು ನೋಡಿದರೆ ನಾನು ಬಿ ಹೋಗಿ ಓ ಆಗಿದ್ದೆ. ಅದು ಚೇತನನ ಗುಂಪು, ಮಜ್ಜೆ ಹೊಂದಲು ರಕ್ತದ ಗುಂಪು ಒಂದೇ ಆಗಬೇಕಿಲ್ಲವಂತೆ. ಅವ್ವನಿಗೆ ಇದು ಆಶ್ಚರ್ಯ ಅನ್ನಿಸಲೇ ಇಲ್ಲ. "ಎರಡೂ ನಾನೇ ಕೊಟ್ಟ ರಕ್ತ. ಅದ್ರಲ್ಲಿ ಬದಲಾಗೋದು ಎಂತದು?" ಎಂದಳು.

ಮಜ್ಜೆ ಬದಲಾದವರಿಗೆ ಚಿಕ್ಕಂದಿನಲ್ಲಿ ಹಾಕಿಸಿದ ಲಸಿಕೆಗಳೆಲ್ಲ ಲೆಕ್ಕಕ್ಕಿಲ್ಲವಂತೆ. ಮೈಗೆ ಅವೆಲ್ಲ ಮರೆತುಹೋಗಿರುತ್ತವೆ, ಮತ್ತೆ ಮೊದಲಿನಿಂದ ಹಾಕಿಸಬೇಕು. ವರ್ಷ ತುಂಬಿದ ಮೇಲೆ ಹಾಕಿಸಲು ಹೋದೆ. ಅಷ್ಟರಲ್ಲಿ ಚೇತನ್ ರಜೆಗೆ ಬಂದಿದ್ದ, ಅವನೇ ಕಾರು ಓಡಿಸಿದ. ಲಸಿಕೆ ಹಾಕುವ ಚಿಕ್ಕಮಗಳೂರಿನ ಮಕ್ಕಳ ಆಸ್ಪತ್ರೆಯ ಗೋಡೆಯ ಮೇಲೆಲ್ಲ ಆನೆ, ಮೊಲದ ಚಿತ್ರಗಳಿದ್ದವು. ಕುರ್ಚಿಗಳಲ್ಲಿ ತಾಯಂದಿರು, ಅವರ ಮಡಿಲಲ್ಲಿ ಕೂಸುಗಳು, ನಡುವೆ ಮೀಸೆ ಹೊತ್ತ ನಾವಿಬ್ಬರು.

ನರ್ಸಮ್ಮ ನನ್ನ ಹೆಸರು ಕರೆದು, "ಪ್ರದೀಪ ಯಾರು? ಮಗು ಎಲ್ಲಿ?" ಎಂದರು.

ಚೇತನ್ ಎದ್ದು ನನ್ನ ಬೆನ್ನ ಮೇಲೆ ಕೈಯಿಟ್ಟು, "ಇದೇ ಮೇಡಂ. ಸ್ವಲ್ಪ ದೊಡ್ಡದು," ಎಂದ.

ತಾಯಂದಿರೆಲ್ಲ ನಕ್ಕರು. ನರ್ಸಮ್ಮ ಚೀಟಿ ಓದಿ ಗಂಭೀರರಾದರು, ಆಮೇಲೆ ಅವರೂ ನಕ್ಕರು. ಎರಡೂ ತೋಳಿಗೆ ಸೂಜಿ ಚುಚ್ಚಿದರು. "ಸಂಜೆ ಜ್ವರ ಬರಬಹುದು. ಹೆದರ್ಬೇಡಿ," ಎಂದರು.

ಬಂತು. ಊಟದ ಹೊತ್ತಿಗೆ ಮೈ ಕಾದಿತ್ತು. ಥರ್ಮಾಮೀಟರ್ ನೋಡಿದ ಸವಿತಳ ಮುಖ ಕಪ್ಪಿಟ್ಟಿತು. ನಮ್ಮ ಮನೆಯಲ್ಲಿ ಜ್ವರ ಎಂಬ ಶಬ್ದಕ್ಕೆ ಎಲ್ಲರೂ ಅಂಜುತ್ತಿದ್ದೆವು. ಮಂಗಳೂರಿಗೆ ಫೋನ್ ಮಾಡಿದೆವು. ಡಾಕ್ಟರಮ್ಮ ಎಲ್ಲ ಕೇಳಿ, "ಒಳ್ಳೆಯದೇ ಆಯಿತು. ನಿಮ್ಮ ಮೈ ಈಗ ಪಾಠ ಕಲಿಯುತ್ತಿದೆ. ಒಂದು ಮಾತ್ರೆ ತಗೊಂಡು ಮಲಗಿ," ಎಂದರು.

ಅವ್ವ ಹಣೆಗೆ ಒದ್ದೆ ಬಟ್ಟೆ ಹಾಕಿದಳು. ಚೇತನ್ ಮಂಚದ ಅಂಚಿನಲ್ಲಿ ಕೂತು ನನ್ನ ಕೈ ಮುಟ್ಟಿ ನೋಡಿದ. "ಅಬ್ಬಾ, ಏನ್ ಬಿಸಿ ಮಾರಾಯ," ಎಂದ. ಆ ದನಿಯಲ್ಲಿ ಹೆದರಿಕೆ ಇರಲಿಲ್ಲ, ಸಣ್ಣ ಹೆಮ್ಮೆ ಇತ್ತು. ನಾನು ಕಣ್ಣು ಮುಚ್ಚಿದೆ. ಮೈಕೈ ನೋವು, ತೋಳಿನಲ್ಲಿ ಭಾರ, ಬಾಯಿ ಕಹಿ. ಎಲ್ಲರಿಗೂ ಬರುವಂಥ ಜ್ವರ. ಎಲ್ಲರಿಗೂ ಇಳಿಯುವ ಹಾಗೆ ಅದು ಬೆಳಗಿನೊಳಗೆ ಇಳಿಯಿತು.